ಲಾಗಿನ್ ಆದಮೇಲೂ ಫಾರಂ ಯಾಕೆ ಹೋಗಲ್ಲ?

ಹೊಸದಾಗಿ ಪಿಎಚ್‌ಪಿ (ವೆಬ್ ಪುಟ ತಯಾರಿಸುವ ಪ್ರೋಗ್ರಾಮಿಂಗ್ ಭಾಷೆ) ಕಲಿಯುವವರು ಲಾಗಿನ್ ಪುಟ ಬರೆದಾಗ ಈ ತಮಾಷೆ ಆಗುವುದುಂಟು. ಪಾಸ್‌ವರ್ಡ್ ಸರಿಯಾಗಿದೆ, ‘ಸ್ವಾಗತ’ ಅಂತ ಸಾಲೂ ಬಂದಿದೆ, ಆದರೆ ಅದರ ತಲೆಯ ಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಫಾರಂ ಮತ್ತೆ ಕೂತಿದೆ. ತೋರಿಸಿಬಿಟ್ಟಿದ್ದನ್ನು ಅಳಿಸುವ ಆಜ್ಞೆ ಯಾವುದು ಅಂತ ಹುಡುಕಾಟ ಶುರುವಾಗುತ್ತದೆ.

ಅಂಥ ಆಜ್ಞೆ ಇಲ್ಲ. ಪಿಎಚ್‌ಪಿ ಓಡುವುದು ಸರ್ವರ್‌ನಲ್ಲಿ, ಪುಟ ಕಾಣುವುದು ಬ್ರೌಸರ್‌ನಲ್ಲಿ. ಬ್ರೌಸರ್ ಕೇಳುತ್ತದೆ, ಸರ್ವರ್ ಉತ್ತರ ಕಳಿಸುತ್ತದೆ, ಅಲ್ಲಿಗೆ ಸ್ಕ್ರಿಪ್ಟ್ (ನಾವು ಬರೆದ ಪ್ರೋಗ್ರಾಂ) ಕೆಲಸ ಮುಗಿಯಿತು. ಮಾತು ಆಡಿದರೆ ಹೋಯಿತು ಅಂತಾರಲ್ಲ, ಹಾಗೆ. ಸ್ಕ್ರಿಪ್ಟ್ ಮೇಲಿಂದ ಕೆಳಕ್ಕೆ ಓಡುವುದರಿಂದ ಫಾರಂ ಮೇಲೆ, ಪಾಸ್‌ವರ್ಡ್ ಪರೀಕ್ಷೆ ಕೆಳಗೆ ಬರೆದಿದ್ದರೆ ಎರಡೂ ಅಚ್ಚಾಗುತ್ತವೆ. ಪರೀಕ್ಷೆಯನ್ನು ಮೇಲಕ್ಕೆ ತನ್ನಿ. ಸರಿಯಿದ್ದರೆ ಸ್ವಾಗತ, ಇಲ್ಲದಿದ್ದರೆ ಫಾರಂ. ಅಷ್ಟೇ.

ಇದಕ್ಕಿಂತ ಒಳ್ಳೆಯದು, ಪಾಸ್‌ವರ್ಡ್ ಹೊಂದಿದ ಕೂಡಲೇ ಬೇರೆ ಪುಟಕ್ಕೆ ಕಳಿಸಿಬಿಡುವುದು. ಸರ್ವರ್ 303 ಅನ್ನೋ ಸಂಖ್ಯೆಯ ಜೊತೆ ‘ಲೊಕೇಶನ್’ ಹೆಡರ್ (ಪುಟಕ್ಕಿಂತ ಮುಂಚೆ ಹೋಗುವ, ಹೊಸ ವಿಳಾಸ ತಿಳಿಸುವ ಸೂಚನೆ) ಕಳಿಸಿದರೆ ಬ್ರೌಸರ್ ತಾನೇ ಹೊಸ ವಿಳಾಸಕ್ಕೆ ಹೋಗುತ್ತದೆ, ಆಮೇಲೆ ಯಾರಾದರೂ ಪುಟ ರಿಫ್ರೆಶ್ ಮಾಡಿದರೂ ಪಾಸ್‌ವರ್ಡ್ ಮತ್ತೊಮ್ಮೆ ಹೋಗುವುದಿಲ್ಲ. ಆದರೆ ಹೆಡರ್ ಕಳಿಸಿದ ಮಾತ್ರಕ್ಕೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ! ಕೆಳಗೆ ‘ಎಕ್ಸಿಟ್’ ಬರೆಯಲೇಬೇಕು. ಲಾಗಿನ್ ಆಗದವರನ್ನು ವಾಪಸ್ ಕಳಿಸುವ ಪುಟದಲ್ಲಿ ಇದನ್ನು ಮರೆತರೆ ಬ್ರೌಸರ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಗುಟ್ಟಾಗಿರಬೇಕಾದ ಪುಟ ಉತ್ತರದ ಒಳಗೇ ಹೋಗಿರುತ್ತದೆ, ಉತ್ತರವನ್ನು ಬಂದ ಹಾಗೇ ತೋರಿಸುವ ಕರ್ಲ್‌ನಂಥ ಟೂಲ್ ಇರುವವರು ಆರಾಮಾಗಿ ಓದಿಕೊಳ್ಳಬಹುದು.

ಇನ್ನು ‘ಹೆಡರ್ಸ್ ಆಲ್ರೆಡಿ ಸೆಂಟ್’ (ಹೆಡರ್‌ಗಳು ಆಗಲೇ ಹೋಗಿಬಿಟ್ಟಿವೆ) ಅಂತ ಪಿಎಚ್‌ಪಿ ಕೊಡುವ ಎಚ್ಚರಿಕೆ. ಉತ್ತರದಲ್ಲಿ ಹೆಡರ್‌ಗಳು ಮೊದಲು, ಆಮೇಲೆ ಒಂದು ಖಾಲಿ ಸಾಲು, ಆಮೇಲೇ ಪುಟ. ಪುಟದ ಒಂದೇ ಒಂದು ಅಕ್ಷರ ಹೊರಟರೂ ಹೆಡರ್‌ಗೆ ಬಾಗಿಲು ಮುಚ್ಚಿತು. ಪಿಎಚ್‌ಪಿ ಶುರುವಾಗುವ ಗುರುತಿನ ಮುಂದೆ ಸುಮ್ನೆ ಒಂದು ಸ್ಪೇಸ್ ಬಿದ್ದಿದ್ದರೂ ಸಾಕು. ಕೆಲವು ಎಡಿಟರ್‌ಗಳು ಯುಟಿಎಫ್-8 ಫೈಲಿನ ತಲೆಗೆ ಸೇರಿಸುವ ಬಿಒಎಂ ಅನ್ನೋ 3 ಬೈಟ್ ಇನ್ನೂ ತಲೆನೋವು, ಅದು ಕಣ್ಣಿಗೇ ಕಾಣುವುದಿಲ್ಲ. ಸೆಷನ್‌ನ (ಯಾರು ಲಾಗಿನ್ ಆಗಿದ್ದಾರೆ ಅಂತ ಸರ್ವರ್ ಇಟ್ಟುಕೊಳ್ಳುವ ನೆನಪಿನ) ಗುರುತಾಗಿ ಬ್ರೌಸರ್‌ಗೆ ಕೊಡುವ ಕುಕಿ ಹೋಗುವುದೂ ಹೆಡರ್‌ನಲ್ಲೇ ಆದ್ದರಿಂದ ಲಾಗಿನ್ ಪುಟಕ್ಕೆ ಈ ಕಾಟ ಜಾಸ್ತಿ.

ಒಂದು ಕಂಪ್ಯೂಟರ್‌ನಲ್ಲಿ ಓಡಿದ್ದು ಇನ್ನೊಂದರಲ್ಲಿ ಎಡವುವುದಕ್ಕೂ ಕಾರಣ ಇಲ್ಲೇ ಇರಬಹುದು. ಪಿಎಚ್‌ಪಿ ಜೊತೆ ಬರುವ ಮಾದರಿ ಸೆಟ್ಟಿಂಗ್ ಫೈಲಿನಲ್ಲಿ ಔಟ್‌ಪುಟ್ ಬಫರ್ 4096 ಬೈಟ್ ಅಂತಿದೆ, ಅಂದರೆ ಅಷ್ಟು ತುಂಬುವವರೆಗೆ ಬರೆದದ್ದು ಸರ್ವರ್‌ನಲ್ಲೇ ಕಾಯುತ್ತಿರುತ್ತದೆ, ಹೆಡರ್‌ಗೆ ಬಾಗಿಲು ತೆರೆದೇ ಇರುತ್ತದೆ. ಆ ಫೈಲ್ ಇಲ್ಲದ ಕಡೆ ಬಫರ್ ಇಲ್ಲ. ಬಫರ್‌ನಲ್ಲಿ ಇರುವುದನ್ನು ‘ಓಬಿ ಕ್ಲೀನ್’ ಅನ್ನೋ ಆಜ್ಞೆ ಅಳಿಸುತ್ತದೆ ನಿಜ, ಅದಿನ್ನೂ ಹೊರಟೇ ಇಲ್ಲವಲ್ಲ! ಆದರೂ ಕ್ರಮ ತಪ್ಪಿದ ಸ್ಕ್ರಿಪ್ಟನ್ನು ಮುಚ್ಚಿಹಾಕಲು ಅದನ್ನು ಬಳಸುವುದು ನನಗಂತೂ ಸರಿಕಾಣುವುದಿಲ್ಲ.

ತೆರೆಯ ಮೇಲಿರುವ ಪುಟವನ್ನೇ ಬದಲಿಸಬೇಕಾದರೆ ಅದು ಬ್ರೌಸರ್ ಒಳಗಿನ ಜಾವಾಸ್ಕ್ರಿಪ್ಟ್ ಕೆಲಸ. ಅದು ಹಿಂದಿನಿಂದ ಸರ್ವರ್‌ನ ಕೇಳಿ, ಉತ್ತರ ನೋಡಿ ಫಾರಂ ತೆಗೆದುಹಾಕುತ್ತದೆ. ಫಾರಂ ಮಾಯವಾದ ಮಾತ್ರಕ್ಕೆ ಲಾಗಿನ್ ಆಗಿದೆ ಅಂತಲ್ಲ, ಬ್ರೌಸರ್‌ನಲ್ಲೇ ಇರುವ ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ಅದನ್ನು ಅಳಿಸಬಹುದು. ಸರ್ವರ್ ಮಾತ್ರ ಪ್ರತಿ ಸಲವೂ ಸೆಷನ್ ನೋಡಿಯೇ ಪುಟ ಕೊಡಬೇಕು.