ಬೆಳೆಯುವ ಅರೇಯೊಳಗಿನ ಎರಡು ಲೆಕ್ಕ

ಅರೇ, ಅಂದರೆ ಪ್ರೋಗ್ರಾಮಿಂಗ್‌ನಲ್ಲಿ ಹಲವು ಬೆಲೆಗಳನ್ನು ಸಾಲು ಮನೆಗಳಲ್ಲಿ ಇಡುವ ರಚನೆ, ಬಳಸಲು ಕಲಿತವರಿಗೆ ಬಹುಬೇಗ ಎದುರಾಗುವ ತೊಡಕು ಇದು: ಎಷ್ಟು ಸಂಖ್ಯೆಗಳು ಬರುತ್ತವೆಂದು ಮೊದಲೇ ಗೊತ್ತಿಲ್ಲದಿದ್ದರೆ ಏನು ಮಾಡುವುದು? ನೂರು ಮನೆಗಳ ಅರೇ ಮಾಡಿಟ್ಟರೆ ನೂರಾ ಒಂದನೆಯದಕ್ಕೆ ಜಾಗವಿಲ್ಲ. ಹತ್ತು ಸಾವಿರ ಮನೆ ಮಾಡಿಟ್ಟು ಐದೇ ಸಂಖ್ಯೆ ಬಂದರೆ ಉಳಿದ ಮೆಮೊರಿಯೆಲ್ಲ ದಂಡ. ಇದಕ್ಕೆ ಪರಿಹಾರ, ಬೇಕಾದಂತೆ ಬೆಳೆಯುವ ಅರೇ. ಸಿ ಪ್ಲಸ್ ಪ್ಲಸ್‌ನಲ್ಲಿ ಅದರ ಹೆಸರು ವೆಕ್ಟರ್, ಜಾವಾದಲ್ಲಿ ಅರೇಲಿಸ್ಟ್, ಪೈಥಾನ್‌ನಲ್ಲಿ ಲಿಸ್ಟ್. ಬಳಕೆ ಸುಲಭ, ಆದರೂ ಹೊಸಬರು ಮತ್ತೆ ಮತ್ತೆ ಅವೇ ಕೆಲವು ತಪ್ಪುಗಳಲ್ಲಿ ಸಿಕ್ಕಿಬೀಳುತ್ತಾರೆ. ಒಳಗೆ ನಡೆಯುವುದೇನೆಂದು ಒಮ್ಮೆ ಮನಸ್ಸಿಗೆ ಹತ್ತಿದರೆ ಅವುಗಳಲ್ಲಿ ಹೆಚ್ಚಿನವು ತಾವಾಗಿ ತಪ್ಪುತ್ತವೆ.

ಅರೇಯ ಬಲವಿರುವುದು ಅದರ ಮನೆಗಳು ಮೆಮೊರಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುವುದರಲ್ಲಿ. ಮೊದಲ ಮನೆಯ ವಿಳಾಸ 1000, ಪ್ರತಿ ಸಂಖ್ಯೆಗೆ 4 ಬೈಟ್ ಎಂದಾದರೆ, ಇಂಡೆಕ್ಸ್ 3ರ ಮನೆ (ಎಣಿಕೆ ಸೊನ್ನೆಯಿಂದ, ಅಂದರೆ ನಾಲ್ಕನೆಯದು) 1012ರಲ್ಲೇ ಇರಬೇಕು. ಹುಡುಕಾಟವಿಲ್ಲ, ಒಂದು ಗುಣಾಕಾರ, ಒಂದು ಸಂಕಲನ, ಅಷ್ಟೇ. ಆದರೆ ಈ ಅಂಟಿಕೊಂಡಿರುವ ಗುಣವೇ ಬೆಳೆಯಲು ಅಡ್ಡಿ. ಅರೇ ಮುಗಿದ ಕಡೆಯಿಂದ ಮುಂದಿನ ಮೆಮೊರಿಯನ್ನು ಬೇರೇನೋ ಆಕ್ರಮಿಸಿರಬಹುದು. ಆದ್ದರಿಂದ ವೆಕ್ಟರ್ ತುಂಬಿದಾಗ ಅದು ಬೇರೆ ಕಡೆ ಇನ್ನೂ ದೊಡ್ಡ ಜಾಗ ಕೇಳಿ ಪಡೆಯುತ್ತದೆ, ಹಳೆಯದೆಲ್ಲವನ್ನೂ ಅಲ್ಲಿಗೆ ಸಾಗಿಸುತ್ತದೆ, ಹಳೆಯ ಜಾಗವನ್ನು ಬಿಟ್ಟುಕೊಡುತ್ತದೆ.

ಈ ಸಾಗಾಟ ದುಬಾರಿ. ಹಾಗಾಗಿ ಪ್ರತಿ ಸಲವೂ ಬೇಕಾದದ್ದಕ್ಕಿಂತ ಹೆಚ್ಚು ಜಾಗವನ್ನೇ ಪಡೆದಿಟ್ಟುಕೊಳ್ಳುವುದು ಜಾಣತನ. ಎರಡು ಲೆಕ್ಕಗಳು ಹುಟ್ಟುವುದು ಇಲ್ಲಿಯೇ. ಈಗ ನಿಜವಾಗಿ ಎಷ್ಟು ಅಂಶಗಳಿವೆ ಎಂಬುದು ಸೈಜ್. ಸಾಗಾಟವಿಲ್ಲದೆ ಒಟ್ಟು ಎಷ್ಟು ಹಿಡಿಸುತ್ತವೆ ಎಂಬುದು ಕೆಪ್ಯಾಸಿಟಿ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಬೇಕು.

ಎಷ್ಟು ಹೆಚ್ಚು ಪಡೆಯಬೇಕು ಎಂಬ ಪ್ರಶ್ನೆ ಚಿಕ್ಕದಾಗಿ ಕಂಡರೂ ಈ ವಿಷಯದ ಅತ್ಯಂತ ಸೊಗಸಾದ ಭಾಗ ಅದೇ. ತುಂಬಿದಾಗಲೆಲ್ಲ ಹತ್ತು ಮನೆ ಹೆಚ್ಚಿಸುತ್ತೇವೆ ಎಂದುಕೊಳ್ಳಿ. 10 ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಸೇರಿಸುವಷ್ಟರಲ್ಲಿ ಮೊದಲು 10, ಆಮೇಲೆ 20, ಆಮೇಲೆ 30 ಎಂದು ಸಾಗಿಸುತ್ತಾ ಹೋಗಿ ಒಟ್ಟು ನಕಲುಗಳು ಸುಮಾರು 5,000 ಕೋಟಿ ಮುಟ್ಟುತ್ತವೆ. ಅದರ ಬದಲು ತುಂಬಿದಾಗಲೆಲ್ಲ ಇದ್ದದ್ದನ್ನು ಇಮ್ಮಡಿ ಮಾಡಿದರೆ? 1, 2, 4, 8 ಹೀಗೆ 5,24,288ರವರೆಗೆ ಕೂಡಿದರೆ ಸಿಗುವುದು 10,48,575. ಅಂದರೆ ಸೇರಿಸಿದ ಪ್ರತಿ ಸಂಖ್ಯೆಗೆ ಸರಾಸರಿ ಒಂದು ನಕಲಿಗಿಂತ ತುಸು ಹೆಚ್ಚು. ಆಗೊಮ್ಮೆ ಈಗೊಮ್ಮೆ ಒಂದು ಸೇರ್ಪಡೆ ಬಹಳ ನಿಧಾನವಾಗುತ್ತದೆ, ನಿಜ. ಆದರೆ ಆ ವೆಚ್ಚವನ್ನು ಎಲ್ಲ ಸೇರ್ಪಡೆಗಳಿಗೂ ಹಂಚಿದರೆ ಪ್ರತಿಯೊಂದಕ್ಕೂ ಬೀಳುವ ಪಾಲು, ಅರೇ ಎಷ್ಟೇ ದೊಡ್ಡದಾದರೂ, ಹೆಚ್ಚುವುದಿಲ್ಲ. ಕೂಡುವುದಕ್ಕೂ ಗುಣಿಸುವುದಕ್ಕೂ ಇರುವ ಈ ಅಂತರವನ್ನು ಕಾಗದದ ಮೇಲೆ ಒಮ್ಮೆ ಸ್ವತಃ ಲೆಕ್ಕಹಾಕಿ ನೋಡುವುದು ಒಳ್ಳೆಯದು.

ಎಲ್ಲರೂ ಇಮ್ಮಡಿಯನ್ನೇ ಮಾಡುವುದಿಲ್ಲ. ಜಿಸಿಸಿ ಕಂಪೈಲರ್‌ನ ವೆಕ್ಟರ್ ಎರಡು ಪಟ್ಟು ಬೆಳೆದರೆ ಮೈಕ್ರೋಸಾಫ್ಟ್‌ನದು ಒಂದೂವರೆ ಪಟ್ಟು. ಜಾವಾದ ಅರೇಲಿಸ್ಟ್ ಕೂಡ ಒಂದೂವರೆ ಪಟ್ಟೇ: 10, 15, 22, 33. ಪೈಥಾನ್ ಇನ್ನೂ ಬಿಗಿ ಕೈ. ಲಿಸ್ಟ್ ದೊಡ್ಡದಾದಂತೆ ಸುಮಾರು ಎಂಟನೇ ಒಂದರಷ್ಟು ಮಾತ್ರ ಹೆಚ್ಚುವರಿ ಇಟ್ಟುಕೊಳ್ಳುತ್ತದೆ. ಪಟ್ಟು ಚಿಕ್ಕದಾದಷ್ಟೂ ಸಾಗಾಟ ಜಾಸ್ತಿ, ಖಾಲಿ ಉಳಿಯುವ ಜಾಗ ಕಡಿಮೆ.

ಇದನ್ನು ಕಣ್ಣಾರೆ ನೋಡಬಹುದು. ಸಿ ಪ್ಲಸ್ ಪ್ಲಸ್‌ನಲ್ಲಿ ಖಾಲಿ ವೆಕ್ಟರ್‌ಗೆ, ಕೊನೆಯಲ್ಲಿ ಒಂದು ಅಂಶ ಸೇರಿಸುವ ಪುಶ್ ಬ್ಯಾಕ್ ಮೂಲಕ ಇಪ್ಪತ್ತು ಸಂಖ್ಯೆ ಸೇರಿಸುತ್ತಾ, ಪ್ರತಿ ಸಲವೂ ಸೈಜ್ ಮತ್ತು ಕೆಪ್ಯಾಸಿಟಿ ಎರಡನ್ನೂ ಮುದ್ರಿಸಿ. ಸೈಜ್ ಒಂದೊಂದೇ ಏರುತ್ತದೆ, ಕೆಪ್ಯಾಸಿಟಿ ಕೆಲಹೊತ್ತು ನಿಂತು ಥಟ್ಟನೆ ಜಿಗಿಯುತ್ತದೆ. ಎರಡನ್ನೂ ಹೀಗೆ ಅಕ್ಕಪಕ್ಕ ನೋಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ.

ವೆಕ್ಟರ್‌ನಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ರಿಸರ್ವ್ ಮತ್ತು ರಿಸೈಜ್. ರಿಸರ್ವ್ 100 ಎಂದರೆ ಕೆಪ್ಯಾಸಿಟಿ ಕನಿಷ್ಠ 100 ಆಗುತ್ತದೆ, ಸೈಜ್ ಇದ್ದಷ್ಟೇ ಇರುತ್ತದೆ. ಖಾಲಿ ವೆಕ್ಟರ್‌ಗೆ ರಿಸರ್ವ್ ಮಾಡಿ, ಕೂಡಲೇ ಇಂಡೆಕ್ಸ್ 0ಕ್ಕೆ ಬೆಲೆ ಬರೆದರೆ ಅದು ತಪ್ಪು, ಏಕೆಂದರೆ ಆ ಅಂಶ ಇನ್ನೂ ಹುಟ್ಟಿಯೇ ಇಲ್ಲ. ಕೇಡೇನೆಂದರೆ ಪ್ರೋಗ್ರಾಂ ಹಲವು ಸಲ ಸರಿಯಾಗಿಯೇ ಓಡಿದಂತೆ ಕಾಣುತ್ತದೆ, ಲೂಪ್ ಹಾಕಿ ಮುದ್ರಿಸಲು ಹೋದಾಗ ಮಾತ್ರ ಏನೂ ಬರುವುದಿಲ್ಲ. ಇದರ ತದ್ವಿರುದ್ಧ ತಪ್ಪೂ ಉಂಟು. ರಿಸೈಜ್ ಬದಲಿಸುವುದು ಸೈಜನ್ನೇ. ರಿಸೈಜ್ 100 ಎಂದು ಬರೆದು ಆಮೇಲೆ ಪುಶ್ ಬ್ಯಾಕ್ ಮಾಡಿದರೆ ಮೊದಲು ನೂರು ಸೊನ್ನೆಗಳು, ನೂರಾ ಒಂದನೆಯದಾಗಿ ನಿಮ್ಮ ಸಂಖ್ಯೆ. ಪುಶ್ ಬ್ಯಾಕ್ ಮಾಡುವುದಿದ್ದರೆ ರಿಸರ್ವ್, ಇಂಡೆಕ್ಸ್ ಹಿಡಿದು ಬರೆಯುವುದಿದ್ದರೆ ರಿಸೈಜ್.

ವೆಕ್ಟರ್‌ನಲ್ಲಿ ಚೌಕ ಆವರಣದ ಇಂಡೆಕ್ಸ್ ಸಾಮಾನ್ಯವಾಗಿ ಮಿತಿಯನ್ನು ಪರೀಕ್ಷಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಕಲಿಯುವಷ್ಟು ದಿನ ಅದರ ಬದಲು 'ಅಟ್' ಬಳಸಿದರೆ ಮಿತಿ ಮೀರಿದ ಕ್ಷಣವೇ ಪ್ರೋಗ್ರಾಂ ದೂರುತ್ತದೆ. ಇನ್ನೊಂದು, ಖಾಲಿ ವೆಕ್ಟರ್‌ನ ಸೈಜ್‌ನಿಂದ 1 ಕಳೆದರೆ ಮೈನಸ್ ಒಂದು ಬರುವುದಿಲ್ಲ. ಸೈಜ್‌ಗೆ ಋಣ ಸಂಖ್ಯೆಯೇ ಇಲ್ಲವಾದ್ದರಿಂದ 64 ಬಿಟ್ ಯಂತ್ರದಲ್ಲಿ ಸಿಗುವುದು 18446744073709551615, ಅದನ್ನೇ ಮಿತಿಯಾಗಿಟ್ಟ ಲೂಪ್ ಅಲ್ಲಿಯವರೆಗೆ ಓಡಲು ಹೊರಡುತ್ತದೆ.

ಸಾಗಾಟದ ನೇರ ಪರಿಣಾಮ ಪಾಯಿಂಟರ್‌ಗಳ ಮೇಲೆ. ವೆಕ್ಟರ್‌ನ ಮೊದಲ ಅಂಶದ ವಿಳಾಸವನ್ನು ಪಾಯಿಂಟರ್‌ನಲ್ಲಿ ಇಟ್ಟುಕೊಂಡು, ನಂತರ ಪುಶ್ ಬ್ಯಾಕ್ ಮಾಡಿದಾಗ ಸಾಗಾಟ ನಡೆದರೆ, ಪಾಯಿಂಟರ್ ಬಿಟ್ಟುಕೊಟ್ಟ ಜಾಗವನ್ನೇ ತೋರಿಸುತ್ತಿರುತ್ತದೆ. ಕೆಪ್ಯಾಸಿಟಿ ಉಳಿದಿದ್ದ ದಿನ ಸರಿ, ತುಂಬಿದ ದಿನ ಎಡವಟ್ಟು. ಇಂಥ ದೋಷ ಹುಡುಕುವುದು ಬಲು ಕಷ್ಟ. ವಿಳಾಸದ ಬದಲು ಇಂಡೆಕ್ಸನ್ನೇ ನೆನಪಿಟ್ಟುಕೊಂಡರೆ ಸಾಗಾಟ ಎಷ್ಟು ಸಲ ನಡೆದರೂ ತೊಂದರೆಯಿಲ್ಲ.

ಅಳಿಸುವಾಗಲೂ ಎಚ್ಚರ ಬೇಕು. ಪೈಥಾನ್‌ನಲ್ಲಿ 2, 4, 5, 6 ಇರುವ ಲಿಸ್ಟ್ ಮೇಲೆ ಲೂಪ್ ಹಾಕಿ, ಅದೇ ಲೂಪಿನೊಳಗೆ ಸಮಸಂಖ್ಯೆಗಳನ್ನು ತೆಗೆದರೆ ಉಳಿಯುವುದು 4 ಮತ್ತು 5. ಏಕೆಂದರೆ 2 ಹೋದೊಡನೆ ಉಳಿದವು ಒಂದೊಂದು ಮನೆ ಎಡಕ್ಕೆ ಸರಿಯುತ್ತವೆ, 4 ಸೊನ್ನೆಯ ಮನೆಗೆ ಬರುತ್ತದೆ, ಲೂಪ್ ಮಾತ್ರ ಒಂದನೆಯ ಮನೆಗೆ ಹೋಗಿಬಿಡುತ್ತದೆ. ಜಾವಾ ಇಂಥ ಸಂದರ್ಭದಲ್ಲಿ ಬಹುತೇಕ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆದು ನಿಲ್ಲಿಸುತ್ತದೆ. ಬೇಕಾದವನ್ನು ಮಾತ್ರ ಹೊಸ ಲಿಸ್ಟ್‌ಗೆ ಸೇರಿಸುವುದು ಸರಳ ದಾರಿ. ಅದೇ ಲಿಸ್ಟ್‌ನಲ್ಲಿ ಅಳಿಸಲೇಬೇಕಿದ್ದರೆ ಇಂಡೆಕ್ಸನ್ನು ಕೊನೆಯಿಂದ ಹಿಂದಕ್ಕೆ ಓಡಿಸಿ.

ಈ ಸರಿಯುವಿಕೆಗೆ ಬೆಲೆಯೂ ಇದೆ. ಲಕ್ಷ ಅಂಶಗಳ ಅರೇಯ ತಲೆಯಲ್ಲಿ ಒಂದನ್ನು ಸೇರಿಸಿದರೆ ಲಕ್ಷವೂ ಸರಿಯಬೇಕು. ಕೊನೆಯಲ್ಲಿ ಸೇರಿಸುವುದು, ಕೊನೆಯಿಂದ ತೆಗೆಯುವುದು ಅಗ್ಗ. ಕ್ರಮ ಮುಖ್ಯವಲ್ಲದ ಕಡೆ, ನಡುವಿನದನ್ನು ಅಳಿಸಲು ಕೊನೆಯ ಅಂಶವನ್ನು ಅದರ ಜಾಗಕ್ಕೆ ತಂದಿಟ್ಟು ಕೊನೆಯ ಮನೆಯನ್ನು ತೆಗೆದುಹಾಕಿದರೆ ಯಾವುದೂ ಸರಿಯಬೇಕಿಲ್ಲ. ಎರಡೂ ತುದಿಗಳಲ್ಲಿ ಸೇರಿಸಿ ತೆಗೆಯುವ ಕೆಲಸವೇ ಹೆಚ್ಚಿದ್ದರೆ ಬೆಳೆಯುವ ಅರೇಯನ್ನು ಬಿಟ್ಟು ಡೆಕ್ ಬಳಸಿ. ಸಿ ಪ್ಲಸ್ ಪ್ಲಸ್‌ನಲ್ಲೂ ಪೈಥಾನ್‌ನಲ್ಲೂ ಅದು ಸಿದ್ಧವಾಗಿಯೇ ಸಿಗುತ್ತದೆ, ಜಾವಾದಲ್ಲಿ ಅರೇಡೆಕ್ ಎಂಬ ಹೆಸರಿನಲ್ಲಿದೆ.