ಮಲೇರಿಯಾ ಸೊಳ್ಳೆಯನ್ನು ಎಲ್ಲಿ ಹುಡುಕಬೇಕು?

ಮಲೇರಿಯಾ ಅಂದ ಕೂಡಲೇ ಎಲ್ಲರೂ ಚರಂಡಿ ಕಡೆ ಕೈ ತೋರಿಸುತ್ತಾರೆ. ಚರಂಡಿ ಶುಚಿಯಾಗಲೇಬೇಕು, ನಿಜ. ಆದರೆ ಆ ಗಲೀಜು ನೀರಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದು ಆನೆಕಾಲು ರೋಗ ಹರಡುತ್ತದೆ. ನಮಗೆ ಮಲೇರಿಯಾ ತರುವುದು ಅನಾಫಿಲಿಸ್ ಗುಂಪಿನ ಹೆಣ್ಣು ಸೊಳ್ಳೆ.

ಅನಾಫಿಲಿಸ್‌ನಲ್ಲೂ ನೂರಾರು ಬಗೆ ಇವೆ. ರೋಗ ಹರಡುವಂಥವು ಕೆಲವೇ. ರಕ್ತದ ಜೊತೆ ಒಳಗೆ ಹೋದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿ ಸೇರಲು ಹತ್ತು ದಿನವೋ, ಇನ್ನೂ ಜಾಸ್ತಿಯೋ ಬೇಕು. ಅಷ್ಟು ದಿನ ಬದುಕದ ಸೊಳ್ಳೆ ಕಚ್ಚಿದರೂ ಮಲೇರಿಯಾ ಬರುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಮುಖ್ಯವಾದದ್ದು ಕ್ಯುಲಿಸಿಫೇಸಿಸ್ ಅನ್ನುವ ಅನಾಫಿಲಿಸ್ ಬಗೆ. ಕಾಲುವೆ, ಗದ್ದೆ, ಹೊಂಡದ ನೀರು ಇದಕ್ಕೆ ಸಾಕು. ಇದಕ್ಕೆ ಇಷ್ಟ ದನದ ರಕ್ತ. ಆದರೂ ಸಂಖ್ಯೆ ವಿಪರೀತ ಇರುವುದರಿಂದ ಜನರಿಗೂ ಕಾಟ ತಪ್ಪಿಲ್ಲ. ಇದರಲ್ಲಿ ನೋಡಲು ಒಂದೇ ಥರ ಇರುವ ಐದು ಒಳಬಗೆಗಳಿವೆ. ರಾಮೇಶ್ವರಂ ಕಡೆ ಸಿಗುವ 'ಇ' ಬಗೆ ರೋಗ ಚೆನ್ನಾಗಿ ಹರಡುತ್ತದೆ, 'ಬಿ' ಬಗೆ ಅಷ್ಟಾಗಿ ಹರಡುವುದಿಲ್ಲ.

ಪೇಟೆಯಲ್ಲಿ ಕಥೆಯೇ ಬೇರೆ. ಅಲ್ಲಿ ಸ್ಟೀಫನ್ಸಿ ಅನ್ನುವ ಇನ್ನೊಂದು ಅನಾಫಿಲಿಸ್ ಬಗೆಯ ರಾಜ್ಯ. ಇದಕ್ಕೆ ಬೇಕಾದದ್ದು ತಿಳಿನೀರು: ಮುಚ್ಚಳ ಇಲ್ಲದ ಟ್ಯಾಂಕ್, ಸಂಪು, ಬಾವಿ. ಮಂಗಳೂರನ್ನೇ ನೋಡಿ. ಹೊಸ ಕಟ್ಟಡಗಳಲ್ಲಿ ಕ್ಯೂರಿಂಗ್‌ಗೆ ಅಂತ ಸ್ಲ್ಯಾಬ್ ಮೇಲೆ ನೀರು ನಿಲ್ಲಿಸುತ್ತಾರೆ. ಪಕ್ಕದಲ್ಲೇ ಶೆಡ್ ಹಾಕಿಕೊಂಡು ಕೂಲಿಯವರು ಮಲಗುತ್ತಾರೆ. ಸೊಳ್ಳೆಗೆ ನೀರೂ ಸಿಕ್ಕಿತು, ರಕ್ತವೂ ಸಿಕ್ಕಿತು. ಕಟ್ಟಡ ಕಟ್ಟುವವರೇ ಮೊದಲು ಜ್ವರದಲ್ಲಿ ಮಲಗುವುದು ನನಗೆ ತೀರಾ ಅನ್ಯಾಯ ಅನ್ನಿಸುತ್ತದೆ.

ಆ ನೀರನ್ನು ಬಗ್ಗಿ ನೋಡಿ. ಕ್ಯೂಲೆಕ್ಸ್ ಮರಿ ತಲೆ ಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್ ಮರಿಗೆ ಉಸಿರಿನ ಕೊಳವೆ ಇಲ್ಲ, ಹಾಗಾಗಿ ನೀರಿನ ಮೇಲ್ಮೈಗೆ ಅಂಟಿದಂತೆ ಅಡ್ಡಡ್ಡ ಮಲಗಿರುತ್ತದೆ. ಬರಿಗಣ್ಣಿಗೇ ಕಾಣುತ್ತದೆ.

ಇದೇ ಸ್ಟೀಫನ್ಸಿ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿತು. ಆ ವರ್ಷ ಅಲ್ಲಿ 27 ಮಲೇರಿಯಾ ಪ್ರಕರಣಗಳಿದ್ದವು, 2020ರಲ್ಲಿ 73 ಸಾವಿರ ದಾಟಿದವು. ಆಫ್ರಿಕಾದ ಹಳೇ ಶತ್ರು ಗ್ಯಾಂಬಿಯೆ ಅನ್ನುವ ಅನಾಫಿಲಿಸ್ ಹೆಚ್ಚಾಗಿ ಮಳೆನೀರಿನ ಗುಂಡಿಗಳಲ್ಲಿ ಬೆಳೆಯುತ್ತದೆ. ಸ್ಟೀಫನ್ಸಿಗೆ ಮಳೆಗಾಲವೇ ಬೇಕಿಲ್ಲ, ಜನ ಕೂಡಿಟ್ಟ ನೀರಿದ್ದರೆ ಬೇಸಿಗೆಯಲ್ಲೂ ಮರಿ ಮಾಡುತ್ತದೆ. ಬರೀ ಸೊಳ್ಳೆ ಪರದೆ ಹಂಚಿದರೆ ಇದು ನಿಲ್ಲದು. ಟ್ಯಾಂಕಿಗೆ ಬಿಗಿಯಾದ ಮುಚ್ಚಳ ಹಾಕಬೇಕು, ಬಾವಿಗೆ ಗಪ್ಪಿ ಮೀನು ಬಿಡಬೇಕು, ಸ್ಲ್ಯಾಬ್ ಮೇಲಿನ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಖಾಲಿ ಮಾಡಬೇಕು.