ಕಿಟ್ ಇದೆ, ಬಿಡುವಿಲ್ಲ: ವಿಮಾನದ ಮಾದರಿ ಕಟ್ಟಲು ಸಮಯ ಹೊಂದಿಸುವುದು ಹೇಗೆ?

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಪ್ಲಾಸ್ಟಿಕ್ ಕಿಟ್‌ಗಳಿಂದ ವಿಮಾನದ ಮಾದರಿಗಳನ್ನು ಕಟ್ಟುತ್ತಿದ್ದೆ. ಈಗ ಬೆಂಗಳೂರಿನಲ್ಲಿ ಉದ್ಯೋಗ. ಕಚೇರಿಯಿಂದ ಮನೆ ಸೇರುವಾಗ ರಾತ್ರಿ ಎಂಟೂವರೆಯಾಗುತ್ತದೆ, ಮನೆಯಲ್ಲಿ ಚಿಕ್ಕ ಮಗುವಿದೆ. ಆಸೆಪಟ್ಟು ಕೊಂಡ ಕಿಟ್‌ಗಳು ಅಟ್ಟದ ಮೇಲೆಯೇ ಉಳಿದಿವೆ. ಒಂದು ಭಾನುವಾರ ಪೂರ್ತಿ ಬಿಡುವಾದರೆ ಕೂರೋಣ ಎಂದುಕೊಳ್ಳುತ್ತೇನೆ, ಅಂಥ ಭಾನುವಾರ ಬರುವುದೇ ಇಲ್ಲ. ಏನು ಮಾಡಬೇಕು?

ಉತ್ತರ: ಉದ್ಯೋಗ ಮತ್ತು ಸಂಸಾರದ ನಡುವೆ ಈ ಹವ್ಯಾಸಕ್ಕೆ ಮರಳಲು ಬಯಸುವ ಬಹುಪಾಲು ಜನರು ಕೇಳುವ ಪ್ರಶ್ನೆಯಿದು. ಇದಕ್ಕೆ ನನ್ನ ಉತ್ತರ ನೇರವಾಗಿದೆ: ಪೂರ್ತಿ ಬಿಡುವಿನ ಭಾನುವಾರಕ್ಕಾಗಿ ಕಾಯುವುದನ್ನು ಬಿಡಿ. ಅದು ಸಿಗುವುದಿಲ್ಲ ಎಂಬುದಷ್ಟೇ ಕಾರಣವಲ್ಲ; ಸಿಕ್ಕರೂ ಅದರಿಂದ ಈ ಕೆಲಸಕ್ಕೆ ಆಗುವ ಲಾಭ ಕಡಿಮೆ. ಮಾದರಿ ಕಟ್ಟುವುದು ಸ್ವಭಾವತಃ ಬಿಡಿಬಿಡಿಯಾಗಿ ಮಾಡಬೇಕಾದ ಕೆಲಸ, ಏಕೆಂದರೆ ಅದರಲ್ಲಿ ಕೈ ಆಡಿಸುವ ಹೊತ್ತಿಗಿಂತ ಒಣಗಲು ಬಿಡುವ ಹೊತ್ತೇ ಬಹಳ ಹೆಚ್ಚು.

ಭಾರತೀಯ ವಾಯುಪಡೆಯಲ್ಲಿ 1963ರಿಂದ 2025ರವರೆಗೆ ಸೇವೆಯಲ್ಲಿದ್ದ ಮಿಗ್-21 ವಿಮಾನದ 1/72 ಅಳತೆಯ ಕಿಟ್ಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಿಜವಾದ ವಿಮಾನದ ರೆಕ್ಕೆಗಳ ಹರವು 7.15 ಮೀಟರ್, ಈ ಅಳತೆಯಲ್ಲಿ ಅದು ಸುಮಾರು 10 ಸೆಂಟಿಮೀಟರ್ ಆಗುತ್ತದೆ, ಅಂದರೆ ಅಂಗೈಯಲ್ಲಿ ಹಿಡಿಯಬಹುದಾದ ವಸ್ತು. ಅದರ ಒಡಲಿನ ಎರಡು ಹೋಳುಗಳನ್ನು ಜೋಡಿಸಿ, ಸಿಮೆಂಟ್ ಎಂದು ಕರೆಯುವ ತೆಳುವಾದ ಬೆಸುಗೆ ದ್ರವವನ್ನು ಕುಂಚದಿಂದ ಕೀಲಿನುದ್ದಕ್ಕೂ ಮುಟ್ಟಿಸುವುದಕ್ಕೆ ಹತ್ತು ನಿಮಿಷ ಸಾಕು. ಈ ಸಿಮೆಂಟು ಸಾಮಾನ್ಯ ಅಂಟಿನಂತೆ ಎರಡು ಮೈಗಳ ನಡುವೆ ಕುಳಿತು ಅವುಗಳನ್ನು ಹಿಡಿದಿಡುವುದಿಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸಿ, ಎರಡೂ ಹೋಳುಗಳನ್ನು ಒಂದಾಗಿ ಬೆಸೆಯುತ್ತದೆ. ಕರಗಿ ಮೆದುವಾದ ಪ್ಲಾಸ್ಟಿಕ್ಕಿನಿಂದ ದ್ರಾವಕವು ಪೂರ್ತಿ ಆವಿಯಾಗುವ ಮುನ್ನವೇ ಕೀಲನ್ನು ಉಜ್ಜಿ ನಯಗೊಳಿಸಿದರೆ, ಮುಂದೆ ಆ ಭಾಗ ಕುಗ್ಗಿ, ಬಣ್ಣ ಹಚ್ಚಿದ ಮೇಲೆ ಒಂದು ಸಣ್ಣ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕನಿಷ್ಠ ಒಂದು ದಿನ ಅದನ್ನು ಮುಟ್ಟದಿರುವುದೇ ಸರಿಯಾದ ಕ್ರಮ. ಸಂದುಗಳಿಗೆ ತುಂಬುವ ಪುಟ್ಟಿಯೂ ಒಣಗುತ್ತಾ ಕುಗ್ಗುವುದರಿಂದ ರಾತ್ರಿಯಿಡೀ ಬಿಡಬೇಕು. ಎನಾಮೆಲ್ ಬಣ್ಣವಾದರೆ ಮತ್ತೊಂದು ಪದರ ಹಚ್ಚುವ ಮೊದಲು ಒಂದು ದಿನವಾದರೂ ಕಾಯಬೇಕು. ಇಡೀ ಭಾನುವಾರ ಮೇಜಿನ ಮುಂದೆ ಕುಳಿತವರು ಈ ಕಾಯುವಿಕೆಯನ್ನು ಸಹಿಸಲಾರದೆ ಅವಸರಪಡುವುದೇ ಹೆಚ್ಚು. ವಾರದ ದಿನಗಳಲ್ಲಿ ಇಪ್ಪತ್ತು ನಿಮಿಷ ಕುಳಿತು ಎದ್ದು ಹೋಗುವವರಿಗೆ ಆ ತೊಂದರೆಯಿಲ್ಲ, ಮರುದಿನ ಕಚೇರಿಯಲ್ಲಿರುವಾಗ ಅವರ ಕೀಲು ತಾನಾಗಿಯೇ ಗಟ್ಟಿಯಾಗುತ್ತಿರುತ್ತದೆ.

ಹಾಗಿದ್ದರೆ ಆ ಇಪ್ಪತ್ತು ನಿಮಿಷವೂ ಏಕೆ ಸಿಗುತ್ತಿಲ್ಲ ಎಂದು ನೀವು ಕೇಳಬಹುದು. ಅದು ಹರಡುವುದರಲ್ಲಿ ಮತ್ತು ಎತ್ತಿಡುವುದರಲ್ಲಿ ಕಳೆದುಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ನಿಪ್ಪರ್, ಚಾಕು, ಸಿಮೆಂಟ್ ಹುಡುಕಿ, ಸೂಚನಾ ಹಾಳೆಯಲ್ಲಿ ಎಲ್ಲಿ ನಿಲ್ಲಿಸಿದ್ದೆವೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ. ಮತ್ತೆ ಎಲ್ಲವನ್ನೂ ಎತ್ತಿಡಲು ಅಷ್ಟೇ ಹೊತ್ತು. ಇಷ್ಟು ಶ್ರಮವಿದೆಯೆಂದು ಮನಸ್ಸಿಗೆ ಗೊತ್ತಿರುವುದರಿಂದಲೇ ರಾತ್ರಿ ಒಂಬತ್ತೂವರೆಗೆ ಸಿಗುವ ಅರ್ಧ ಗಂಟೆಯನ್ನು ನಾವು ಬಿಡುವೆಂದು ಎಣಿಸುವುದಿಲ್ಲ. ಇದಕ್ಕೆ ಪ್ರತ್ಯೇಕ ಕೋಣೆಯೇ ಬೇಕೆಂದಿಲ್ಲ. ಅಂಚಿರುವ ಅಗಲವಾದ ಒಂದು ಟ್ರೇ, ಅದನ್ನು ಮುಚ್ಚುವ ಮುಚ್ಚಳ ಅಥವಾ ಅದು ಹಿಡಿಸುವ ಕಪಾಟಿನ ಒಂದು ಅರೆ ಸಾಕು. ನಡೆಯುತ್ತಿರುವ ಮಾದರಿ, ಅದರ ಭಾಗಗಳು, ಕತ್ತರಿಸುವ ಹಾಳೆ, ನಾಲ್ಕೈದು ಉಪಕರಣಗಳು ಇವೆಲ್ಲ ಸದಾ ಆ ಟ್ರೇಯಲ್ಲೇ ಇರಲಿ. ಟ್ರೇಯನ್ನು ಮೇಜಿಗೆ ತಂದರೆ ಕೆಲಸ ಆರಂಭ, ಹಿಂದಕ್ಕೆ ಇಟ್ಟರೆ ಮುಕ್ತಾಯ. ನಾನು ಕೊಡಬಲ್ಲ ಸಲಹೆಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಇದರ ಜೊತೆಗೆ ಕೆಲಸವನ್ನು ವಿಂಗಡಿಸುವ ರೀತಿಯೂ ಬದಲಾಗಬೇಕು. ಸೂಚನಾ ಹಾಳೆಯು ಕೆಲಸವನ್ನು ಕಾಕ್‌ಪಿಟ್, ಒಡಲು, ರೆಕ್ಕೆ, ಚಕ್ರ ಎಂಬ ಕ್ರಮದಲ್ಲಿ ಹೇಳುತ್ತದೆ. ಸಮಯದ ಅಭಾವವಿರುವವರು ಅದನ್ನು ಒಣ ಕೆಲಸ ಮತ್ತು ಬಣ್ಣದ ಕೆಲಸ ಎಂದು ವಿಂಗಡಿಸಿಕೊಳ್ಳುವುದು ಒಳ್ಳೆಯದು. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಅವುಗಳನ್ನು ಕತ್ತರಿಸುವುದು, ಕತ್ತರಿಸಿದ ಗುರುತನ್ನು ಉಜ್ಜುವುದು, ಅಂಟಿಸದೆ ಜೋಡಿಸಿ ಹೊಂದಿಕೆ ನೋಡುವುದು, ಕಾಕ್‌ಪಿಟ್ಟಿನ ಗಾಜಿಗೆ ಬಣ್ಣ ತಾಗದಂತೆ ಮರೆಪಟ್ಟಿ ಅಂಟಿಸುವುದು ಇವೆಲ್ಲವನ್ನೂ ಯಾವ ಕ್ಷಣದಲ್ಲಿ ಬೇಕಾದರೂ ನಿಲ್ಲಿಸಬಹುದು. ಮಗು ಎಚ್ಚರಗೊಂಡು ಅತ್ತರೆ ಎದ್ದು ಹೋಗಬಹುದು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶಿನಿಂದ ಬಣ್ಣ ಹಾಕುವುದನ್ನು ಹಾಗೆ ನಡುವೆ ಬಿಡಲಾಗುವುದಿಲ್ಲ. ಬಣ್ಣ ತೆಳುಮಾಡಿಕೊಳ್ಳಬೇಕು, ಕಂಪ್ರೆಸರ್ ಹೂಡಬೇಕು, ಬಣ್ಣ ಬದಲಿಸಿದಾಗಲೆಲ್ಲ ತೊಳೆಯಬೇಕು, ಕೊನೆಗೆ ಸೂಜಿ ಬಿಚ್ಚಿ ಶುಚಿಮಾಡಬೇಕು. ಪುಟ್ಟದೊಂದು ಭಾಗಕ್ಕೆ ಬಣ್ಣ ಹಾಕಿದರೂ ಈ ಶ್ರಮವೆಲ್ಲ ಇದ್ದದ್ದೇ. ಆದ್ದರಿಂದ ಬಣ್ಣದ ಕೆಲಸವನ್ನು ಕೂಡಿಟ್ಟು, ಮನೆಯವರೊಂದಿಗೆ ಮೊದಲೇ ಮಾತನಾಡಿ, ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಗೊತ್ತುಮಾಡಿಕೊಳ್ಳಿ. ಒಂದೇ ಬಣ್ಣ ಬೇಕಾದ ಎಲ್ಲ ಭಾಗಗಳನ್ನೂ, ಸಾಧ್ಯವಾದರೆ ಎರಡು ಮಾದರಿಗಳ ಭಾಗಗಳನ್ನೂ, ಆಗ ಒಟ್ಟಿಗೆ ಮುಗಿಸಬಹುದು.

ಏರ್‌ಬ್ರಶ್ ಇಲ್ಲದಿದ್ದರೆ ಅದನ್ನು ಕೊಳ್ಳುವ ತನಕ ಕಾಯಬೇಕಾಗಿಯೂ ಇಲ್ಲ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣಗಳನ್ನು ತೆಳುವಾಗಿ, ಎರಡು ಮೂರು ಪದರಗಳಲ್ಲಿ ಕುಂಚದಿಂದ ಹಚ್ಚಿ ಅತ್ಯಂತ ಸೊಗಸಾದ ಮಾದರಿಗಳನ್ನು ಮಾಡುವವರಿದ್ದಾರೆ. ಒಂದು ದಿನಕ್ಕೆ ಒಂದು ಪದರವೆಂದರೆ ಅದಕ್ಕೆ ಬೇಕಾಗುವುದು ಒಂದು ಕುಂಚ ಮತ್ತು ಒಂದು ಲೋಟ ನೀರು ಮಾತ್ರ. ಚಿಕ್ಕ ಮಗುವಿರುವ ಫ್ಲ್ಯಾಟಿನಲ್ಲಿ ಇದಕ್ಕೆ ಮತ್ತೊಂದು ಪ್ರಯೋಜನವೂ ಇದೆ: ಎನಾಮೆಲ್ ಮತ್ತು ಲ್ಯಾಕರ್ ಬಣ್ಣಗಳ ಥಿನ್ನರ್ ವಾಸನೆ ಮನೆಯನ್ನು ತುಂಬುವುದಿಲ್ಲ. ಸಿಮೆಂಟಿನ ಆವಿಯೂ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿಟ್ಟು, ಮಗು ಮಲಗಿದ ಮೇಲೆ ಬೇರೆ ಕೋಣೆಯಲ್ಲಿ ಅಂಟಿಸಿ. ಚಾಕುವಿನ ಅಲಗು, ಸಿಮೆಂಟಿನ ಸೀಸೆ ಎರಡೂ ಅದರ ಕೈಗೆ ಎಟುಕದ ಎತ್ತರದಲ್ಲಿ, ಸಾಧ್ಯವಾದರೆ ಬೀಗದೊಳಗೆ ಇರಲಿ. ಈ ಒಂದು ವಿಷಯದಲ್ಲಿ ಸಮಯ ಉಳಿಸಲು ಹೋಗಬಾರದು.

ಕೆಲಸ ತುಂಡುತುಂಡಾದಾಗ ಎದುರಾಗುವ ನಿಜವಾದ ಅಪಾಯವೆಂದರೆ ಮರೆವು. ಮಿಗ್-21ರ ಮಾದರಿಯ ಮೂಗಿನೊಳಗೆ, ಒಡಲನ್ನು ಮುಚ್ಚುವ ಮೊದಲೇ, ಸೀಸದ ಗುಂಡುಗಳನ್ನೋ ಭಾರವಾದ ಸಣ್ಣ ಲೋಹದ ಚೂರುಗಳನ್ನೋ ತುಂಬಬೇಕಾಗುತ್ತದೆ; ಇಲ್ಲವಾದರೆ ಚಕ್ರಗಳನ್ನು ಅಂಟಿಸಿ ನಿಲ್ಲಿಸಿದಾಗ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಸತತವಾಗಿ ಕಟ್ಟುವವರಿಗೆ ನೆನಪಿರುವ ಇಂಥ ಹಂತ, ಹತ್ತು ದಿನ ಬಿಟ್ಟು ಬಂದವರಿಗೆ ಜಾರಿಹೋಗುತ್ತದೆ. ಏಳುವ ಮುನ್ನ ಒಂದು ಚೀಟಿಯಲ್ಲಿ ಮುಂದಿನ ಕೆಲಸವೇನು, ಬಳಸಿದ ಬಣ್ಣದ ಸಂಖ್ಯೆ ಯಾವುದು, ಅದನ್ನು ಯಾವ ಪ್ರಮಾಣದಲ್ಲಿ ಬೆರೆಸಿದೆವು ಎಂದು ಬರೆದು ಟ್ರೇಯಲ್ಲಿಡುವುದಕ್ಕೆ ಒಂದು ನಿಮಿಷ ಸಾಕು. ಮೂರು ತಿಂಗಳು ಕೈ ಹಾಕಲಾಗದಿದ್ದರೂ ಅಲ್ಲಿಂದಲೇ ಮುಂದುವರಿಯಬಹುದು.

ಯಾವ ಕಿಟ್ಟಿನಿಂದ ಮರಳಿ ಆರಂಭಿಸಬೇಕೆಂಬುದೂ ಸಮಯದ ಪ್ರಶ್ನೆಯೇ. ಅಟ್ಟದಲ್ಲಿರುವ ಅತ್ಯಂತ ದೊಡ್ಡ, ಅತ್ಯಂತ ಪ್ರೀತಿಯ ಕಿಟ್ಟನ್ನು ಈಗ ಇಳಿಸಬೇಡಿ. 1/48ಕ್ಕಿಂತ 1/72 ಅಳತೆಯಲ್ಲಿ ಸಾಮಾನ್ಯವಾಗಿ ಭಾಗಗಳು ಕಡಿಮೆ, ಬಣ್ಣ ಹಚ್ಚಬೇಕಾದ ಮೈಯೂ ಕಡಿಮೆ, ಟ್ರೇಯಲ್ಲಿ ಜಾಗವೂ ಸಾಲುತ್ತದೆ. ಹಳೆಯ ಕಾಲದ ಎರಡಂತಸ್ತಿನ ರೆಕ್ಕೆಯ ವಿಮಾನಗಳು ನೋಡಲು ಚಂದವಾದರೂ ಅವುಗಳ ತಂತಿ ಕಟ್ಟುವ ಕೆಲಸ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಮಿಗ್-21ರಲ್ಲೇ ಆದರೂ 1960ರ ದಶಕದ ಬರಿಯ ಲೋಹದ ಮೈಯನ್ನು ತೋರಿಸಲು ಹೊರಟರೆ ಒಂದೊಂದು ಗೀರೂ ಬಣ್ಣದಡಿ ಎದ್ದು ಕಾಣುವುದರಿಂದ ಉಜ್ಜುವ ಕೆಲಸ ಬಹುಪಟ್ಟು ಹೆಚ್ಚುತ್ತದೆ. ಮಿಗ್-21ರ ನಂತರದ ಸುಧಾರಿತ ರೂಪವಾದ ಬೈಸನ್‌ನ ಬೂದು ಬಣ್ಣ ಅಷ್ಟು ನಿಷ್ಠುರವಲ್ಲ. ಎರಡು ಕಿಟ್‌ಗಳನ್ನು ಜೊತೆಯಾಗಿ ನಡೆಸಬಹುದು, ಒಂದು ಒಣಗುವಾಗ ಇನ್ನೊಂದಕ್ಕೆ ಕೈ ಹಾಕಬಹುದು. ಮೂರನೆಯದನ್ನು ತೆರೆದರೆ ಯಾವುದೂ ಮುಗಿಯದೆ ಉಳಿಯುವ ಸಂಭವವೇ ಹೆಚ್ಚು.

ಕುಟುಂಬದ ಸಮಯ ಮತ್ತು ಹವ್ಯಾಸದ ಸಮಯ ಯಾವಾಗಲೂ ಪರಸ್ಪರ ವಿರುದ್ಧವಾಗಿರಬೇಕಿಲ್ಲ. ಬೆಂಗಳೂರಿನಲ್ಲಿರುವ ನಿಮಗೆ ಇದರಲ್ಲಿ ವಿಶೇಷ ಅನುಕೂಲವಿದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ನಿಜವಾದ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಕಸ್ತೂರ ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯದ ಆವರಣದಲ್ಲಿ, ಜರ್ಮನ್ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ವಿನ್ಯಾಸದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಇದೇ ಊರಿನಲ್ಲಿ ಮೊದಲ ಬಾರಿ ಹಾರಿದ ಮಾರುತ್ ಎಂಬ ಮಾದರಿಯ ಯುದ್ಧವಿಮಾನವೊಂದಿದೆ. ಮಗುವನ್ನು ಕರೆದುಕೊಂಡು ಹೋಗಿ, ಚಕ್ರದ ಗೂಡು, ರೆಕ್ಕೆಯ ಬುಡ, ಮಾಸಿದ ಬಣ್ಣ ಇವುಗಳನ್ನು ಗಮನವಿಟ್ಟು ನೋಡಿ ಬಂದರೆ, ಅದು ಮಾದರಿಯ ಕೆಲಸವೂ ಹೌದು, ಮಗುವಿನ ಭಾನುವಾರವೂ ಹೌದು.

ಇನ್ನು ಮಳೆಗಾಲದ ವಿಚಾರ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸಿಂಪಡಿಸಿದರೆ ಅದು ಮಂಜು ಕವಿದಂತೆ ಬೆಳ್ಳಗಾಗಬಹುದು. ಮಂಗಳೂರು, ಉಡುಪಿಯ ಕಡೆಯವರಿಗಂತೂ ಇದು ಇನ್ನೂ ಗಂಭೀರವಾದ ಸಮಸ್ಯೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಕೆಲಸಗಳನ್ನೇ ಹೆಚ್ಚಾಗಿ ಇಟ್ಟುಕೊಂಡು, ಡೆಕಾಲ್ (ವಿಮಾನದ ಗುರುತು, ಸಂಖ್ಯೆಗಳ ತೆಳು ಚಿತ್ರ) ಅಂಟಿಸುವ ಮೊದಲಿನ ಹೊಳಪಿನ ಪದರವನ್ನೂ ಕೊನೆಯ ವಾರ್ನಿಶ್ಶನ್ನೂ ಬಿಸಿಲಿರುವ ದಿನಕ್ಕೆ ಮೀಸಲಿಡಿ. ಸದ್ಯಕ್ಕೆ ಈ ವಾರ ಒಂದು ಟ್ರೇ ಕೊಂಡು, ಅಟ್ಟದಿಂದ ಒಂದೇ ಒಂದು ಚಿಕ್ಕ ಕಿಟ್ ಇಳಿಸಿ, ಚೌಕಟ್ಟುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಲು ಬಿಡಿ. ಅಚ್ಚಿನಿಂದ ಬಂದ ಎಣ್ಣೆಯಂಶ ಹೋದರೆ ಮುಂದೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಮತ್ತು ಆ ಕೆಲಸಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.